ಕೆಟ್ಟಾಗ ಮಾಡುವ ಫೋನು

ದೇವದುರ್ಗದ ಕೂಲಿಯವರ ಮಗಳು ಕಲ್ಯಾಣಿ ರಾಯಚೂರಿನ ಖಾಸಗಿ ರಕ್ತನಿಧಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಡೇಟಾಬೇಸ್ ಕಟ್ಟಿದವನು ಮಾನ್ವಿಯ ಪ್ರಾಣೇಶ. ದಾನಿಗಳನ್ನು ಹುಡುಕುವ ಕೆಲಸವನ್ನೆಲ್ಲ ಅದರೊಳಗೇ ಒಂದು ಪ್ರೊಸೀಜರ್, ಅಂದರೆ ಹೆಸರಿಟ್ಟ ಆದೇಶಗಳ ಕಟ್ಟು, ಮಾಡಿ ಬರೆದಿಟ್ಟಿದ್ದ. ಹೆಸರು ಹಿಡಿದು ಅದನ್ನು ಕರೆದು ರಕ್ತದ ಗುಂಪು, ಊರು ಕೊಟ್ಟರೆ ಸಾಕು, ಹತ್ತಿರದ ದಾನಿಗಳ ಹೆಸರುಗಳು ತೆರೆಯ ಮೇಲೆ ಬರುತ್ತಿದ್ದವು. ಒಳಗೇನಿದೆಯೆಂದು ಕಲ್ಯಾಣಿ ಎಂದೂ ತೆಗೆದು ನೋಡಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತು ಅವಳಿಗೆ ಕೆಲಸ ಕಲಿಸಿದ ಪ್ರಾಣೇಶ, ಧಾರವಾಡದ ಕಾಲೇಜಿಗೆ ಪಾಠ ಹೇಳಲು ಹೋದ. ಹೊರಡುವಾಗ, "ಏನರ ಕೆಟ್ರ ಫೋನ್ ಮಾಡ್ರಿ" ಎಂದ. ಬರೀ ಮಾತಾಡಲೆಂದು ಫೋನ್ ಮಾಡುವ ಧೈರ್ಯ ಅವಳಿಗಿರಲಿಲ್ಲ. ಅಂದಿನಿಂದ ಏನಾದರೂ ಕೆಡಲಿ ಎಂದು ಅವಳ ಮನಸ್ಸು ಕಾಯುತ್ತಿತ್ತು. ಹಾಗೆ ಕಾಯುವುದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಕೆಟ್ಟೇಬಿಟ್ಟಿತು. ದೇವದುರ್ಗದಿಂದ ರಾಯಚೂರಿನ ಆಸ್ಪತ್ರೆಗೆ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ತುರ್ತಾಗಿ ಓ ನೆಗೆಟಿವ್ ಬೇಕಿತ್ತು; ನಿಧಿಯಲ್ಲಿ ಅದು ಮುಗಿದಿತ್ತು. ಗುಂಪು, ಊರು ತುಂಬಲು ಹಿಂದಿನ ದಿನವಷ್ಟೇ ಕಂಪ್ಯೂಟರಿಗೆ ಹಾಕಿದ ಹೊಸ ಸ್ಕ್ರೀನಿನಲ್ಲಿ ಒಂದು ಹೆಸರೂ ಬರಲಿಲ್ಲ. ಪ್ರಾಣೇಶನಿಗೆ ಫೋನ್ ಮಾಡಿದಳು.

"ಸರ್, ಯಾರ ಹೆಸರೂ ಬರವಲ್ದು."

"ತಪ್ಪು ಅಂತ ಏನರ ತೋರಿಸ್ತದೇನ್ರಿ?"

"ಇಲ್ರಿ, ಬರೇ ಖಾಲಿ."

"ಪ್ರೊಸೀಜರ್ ನೀವ ತೆಗದು ನೋಡ್ರಿ. ನಾ ಲೈನಿನ್ಯಾಗ ಇರ್ತೀನಿ."

ತೆಗೆದು ಓದಿದಳು. ಅದು ಕೇಳುತ್ತಿದ್ದುದು ಮೊದಲು ಗುಂಪು, ಆಮೇಲೆ ಊರು. ಹೊಸ ಸ್ಕ್ರೀನು ಊರನ್ನೇ ಮೊದಲು ಕಳಿಸುತ್ತಿತ್ತು. ಎರಡೂ ಬರೀ ಅಕ್ಷರಗಳಾದ್ದರಿಂದ ಡೇಟಾಬೇಸು ತಕರಾರು ತೆಗೆಯದೆ, ರಾಯಚೂರು ಎಂಬ ಗುಂಪಿನ ರಕ್ತವನ್ನು ಹುಡುಕಿ ಬರಿಗೈಯಲ್ಲಿ ಮರಳುತ್ತಿತ್ತು.

"ಅದಲುಬದಲಾಗ್ಯಾವ್ರಿ!" ಎಂದು ಸರಿಯಾದ ಕ್ರಮದಲ್ಲಿ ಕೊಟ್ಟು ಮತ್ತೆ ಕರೆದಳು. ಹೆಸರುಗಳು ಬಂದವು. ಅವರಲ್ಲೊಬ್ಬಳು, ಗಿಲ್ಲೆಸುಗೂರಿನ ಮಿನಾಜ್, ಬಸ್ಸು ಹಿಡಿದು ಬಂದು ರಕ್ತ ಕೊಟ್ಟಳು. ತಾಯಿ, ಕೂಸು ಇಬ್ಬರೂ ಉಳಿದರು.

ಸಂಜೆ ವಿಷಯ ತಿಳಿಸಿದಾಗ ಪ್ರಾಣೇಶ ನಕ್ಕ. "ಇನ್ನ ನಾ ಬೇಕಾಗಿಲ್ಲ ಬಿಡ್ರಿ ನಿಮಗ."

ಕಲ್ಯಾಣಿಗೆ ನಗು ಬರಲಿಲ್ಲ. ಆಮೇಲೆ ಕೆಟ್ಟದ್ದನ್ನೆಲ್ಲ ತಾನೇ ಸರಿಮಾಡಿದಳು. ಸರಿಮಾಡಿದಾಗಲೆಲ್ಲ ಫೋನ್ ಮಾಡುವ ನೆಪವೊಂದು ಕೈತಪ್ಪುತ್ತಿತ್ತು. ಕಡೆಗೊಂದು ದಿನ ತಡೆಯಲಾರದೆ ಫೋನ್ ಮಾಡಿದಳು.

"ಏನ್ ಕೆಟ್ಟದ್ರೀ?"

"ಏನೂ ಕೆಟ್ಟಿಲ್ರಿ. ಸುಮ್ನ ಮಾಡೀನಿ."

ಆ ಕಡೆ ಹುಡುಗರ ಗದ್ದಲ ಕೇಳುತ್ತಿತ್ತು. "ಕ್ಲಾಸಿಗೆ ಹೊತ್ತಾತ್ರಿ. ಆಮ್ಯಾಲೆ ನಾನ ಮಾಡ್ತೀನಿ" ಎಂದ, ಮೆಲ್ಲಗೆ.

ಅಂದು ಅವನು ಮಾಡಲಿಲ್ಲ, ಮರುದಿನವೂ ಇಲ್ಲ. ಕಲ್ಯಾಣಿ ಕಾಯುತ್ತಲೇ ಇದ್ದಳು. ಆದರೆ ಈ ಸಲ ಏನೂ ಕೆಡಬೇಕಿರಲಿಲ್ಲ; ಕಾಯುವುದಕ್ಕೆ ನಾಚಿಕೆಯೂ ಇರಲಿಲ್ಲ.