ಟೆಂಟ್ ಸಿನಿಮಾದ ಹಾಡನ್ನು ಉಳಿಸಿದ ವಾಲ್ವುಗಳು

"ಹಾಸನದ ಟೆಂಟ್ ಸಿನಿಮಾದ ಆಂಪ್ಲಿಫೈಯರ್ ರಿಪೇರಿ ಮಾಡಿದ್ದು ಬೆಂಗಳೂರಿನ ಮೆಕ್ಯಾನಿಕ್" ಎಂದು ಈಗಲೂ ಹೇಳುತ್ತಾರೆ. ಆಗ ಆ ಟೆಂಟಿನ ಯಂತ್ರ ನೋಡಿಕೊಳ್ಳುತ್ತಿದ್ದ ನಾನು ಒಪ್ಪುವುದಿಲ್ಲ. ಆ ಮೆಕ್ಯಾನಿಕ್ ಸ್ಪೀಕರ್ ಬದಲಿಸಿ ಹೋದರಷ್ಟೆ. ಪಕ್ಕದ ಅಕ್ಕಿ ಗಿರಣಿ ತಿರುಗಿದೊಡನೆ ಕರೆಂಟು ಕುಗ್ಗಿ ಹಾಡು ಮತ್ತೆ ನರಳಿತು.

"ನಾಳೆನೂ ಇಂಗೇ ಆದ್ರೆ ಟೆಂಟ್ ಕಿತ್ಕೊಂಡು ಅರಕಲಗೂಡಿಗೆ ಓಯ್ತೀನಿ ಕಣಯ್ಯ," ಎಂದರು ಟೆಂಟಿನ ಮಾಲೀಕರು.

ಕರೆಂಟು ಕುಗ್ಗಿದರೂ ಆಂಪ್ಲಿಫೈಯರಿನೊಳಗಿನ ಹೈ ವೋಲ್ಟೇಜು ಏರಿಳಿಯದಂತೆ ಹಿಡಿಯುವ ರೆಗ್ಯುಲೇಟರನ್ನು ನಾನೇ ಕಟ್ಟಿದೆ. ಧ್ವನಿ ಹಿಗ್ಗಿಸುವ ವಾಲ್ವಿಗೆ, ಅಂದರೆ ಹಳೆಯ ರೇಡಿಯೋಗಳಲ್ಲಿರುವಂಥ ಗಾಜಿನ ಬುರುಡೆಗೆ, ಧ್ವನಿಯ ಬಲ ಹೆಚ್ಚಲೆಂದು ರೆಸಿಸ್ಟರಿನ ಬದಲು ಇನ್ನೊಂದು ವಾಲ್ವನ್ನೇ ಹೊರೆಯಾಗಿ (ಲೋಡ್) ಕೂರಿಸಿದೆ. ಮರುದಿನದ ಮೊದಲ ಆಟದಲ್ಲಿ ಹಾಡು ತುಂಬು ಕಂಠದಿಂದ ಹೊಮ್ಮಿತು.

"ಗಿರಣಿ ಕೆಟ್ಟೋಯ್ತೇನ್ಲಾ?" ಎಂದು ಮಾಲೀಕರು ಹೊರಗೋಡಿದರು. ಗಿರಣಿ ಭರದಿಂದ ತಿರುಗುತ್ತಿತ್ತು!

ಆ ರಾತ್ರಿಯೇ ಅವರು ಮೆಚ್ಚಿ ಸಹಿ ಹಾಕಿದ ನನ್ನ ಸರ್ಕ್ಯೂಟಿನ ನಕ್ಷೆ ಇಂದಿಗೂ ನನ್ನಲ್ಲಿದೆ. ಅನುಮಾನವುಳ್ಳವರು ಬಂದು ನೋಡಬಹುದು.