ಮುಂದಿನ ಸೀಟಿನ ನಡುಜಾಗ

ನಮ್ಮ ಮನೆಯ ಅಂಬಾಸಿಡರ್ ಕಾರಿನಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವುದು ನಾನು ಮದುವೆಯಾಗಿ ತ್ಯಾಗರಾಜನಗರಕ್ಕೆ ಬಂದ ವರ್ಷವೇ ತೀರ್ಮಾನವಾಗಿತ್ತು. ಮಾವನವರು ಅರವತ್ತರ ದಶಕದಲ್ಲಿ ಕೊಂಡ ಕಾರು ಅದು. ಮುಂದಿನ ಸೀಟು ಈಗಿನ ಕಾರುಗಳಲ್ಲಿರುವಂತೆ ಎರಡು ಹೋಳಲ್ಲ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಸೋಫಾದ ಹಾಗೆ ಒಂದೇ ಉದ್ದನೆಯ ಸೀಟು. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು, ಹ್ಯಾಂಡ್ ಗೇರ್ ಎನ್ನುತ್ತಿದ್ದರು. ಹಾಗಾಗಿ ನಡುವೆ ಕೂತವರ ಕಾಲಿಗೆ ಏನೂ ಅಡ್ಡ ಬರುತ್ತಿರಲಿಲ್ಲ. ಮಾವನವರು ಆಗಲೇ ತೀರಿಕೊಂಡಿದ್ದರಿಂದ ಸ್ಟಿಯರಿಂಗ್ ಮುಂದೆ ನನ್ನ ಗಂಡ, ನಡುವೆ ಅತ್ತೆ, ಎಡಗಡೆಯ ಬಾಗಿಲಿಗೆ ಒತ್ತಿಕೊಂಡು ನಾನು. ಹಿಂದೆ ಇಬ್ಬರು ಮಕ್ಕಳು, ಬುತ್ತಿಯ ಚೀಲ, ನೀರಿನ ಕ್ಯಾನು.

ಅತ್ತೆ ನಡುವೆಯೇ ಕೂರುವುದಕ್ಕೆ ಕಾರಣವಿತ್ತು. ಹಿಂದೆ ಕೂತರೆ ಬನಶಂಕರಿ ದೇವಸ್ಥಾನ ದಾಟುವುದರೊಳಗೆ ಅವರಿಗೆ ವಾಂತಿ. ಬಸ್ಸಂತೂ ದೂರದ ಮಾತು. ಮುಂದೆ ಕೂತು, ನೇರ ರಸ್ತೆಯನ್ನೇ ನೋಡುತ್ತಾ, ನಿಂಬೆಹಣ್ಣು ಮೂಸುತ್ತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಹಾಗಾದರೆ ಬಾಗಿಲ ಪಕ್ಕ ಕೂರಬಹುದಲ್ಲ ಎಂದರೆ, ಒಮ್ಮೆ ಸೌತ್ ಎಂಡ್ ಸರ್ಕಲ್ಲಿನ ತಿರುವಿನಲ್ಲಿ ಎಡಬಾಗಿಲು ತಾನಾಗಿ ತೆರೆದುಕೊಂಡು ಅವರ ಮಡಿಲಲ್ಲಿದ್ದ ಅವರೆಕಾಯಿಯ ಚೀಲ ರಸ್ತೆಗೆ ಉರುಳಿತ್ತಂತೆ. ಅವತ್ತಿನಿಂದ ಅವರಿಗೂ ಬಾಗಿಲಿಗೂ ನಡುವೆ ಒಂದು ಮನುಷ್ಯಪ್ರಾಣಿ ಇರಲೇಬೇಕು. ಟ್ಯಾಕ್ಸಿಯೂ ಆಗದು, ಗುರುತಿಲ್ಲದ ಡ್ರೈವರಿಗೆ ತಾಗಿಕೊಂಡು ಅವರು ಹೇಗೆ ಕೂತಾರು?

ಆ ಮನುಷ್ಯಪ್ರಾಣಿ ನಾನು. ಬಾಗಿಲಿನ ಗಾಜು ಇಳಿಸುವ ಹಿಡಿ ನನ್ನ ಎಡಮಂಡಿಗೆ ಒತ್ತುತ್ತಿತ್ತು. ಮಡಿಲಲ್ಲಿ ಮಡಚಿದ ಪ್ಲಾಸ್ಟಿಕ್ ಕವರು, ಒದ್ದೆ ಟವೆಲು. ಅತ್ತೆಯ ಎಡಗೈ ಹೊರಟಲ್ಲಿಂದ ತಲುಪುವವರೆಗೆ ನನ್ನ ಮಣಿಕಟ್ಟನ್ನು ಹಿಡಿದೇ ಇರುತ್ತಿತ್ತು. ಇಳಿದಾಗ ಬಳೆಯ ಅಚ್ಚು ಕೈಮೇಲೆ ಕೆಂಪಗೆ ಮೂಡಿರುತ್ತಿತ್ತು. ಹದಿಮೂರು ವರ್ಷ ಹೀಗೇ.

ನಮ್ಮ ಮನೆದೇವರು ಬಿಳಿಗಿರಿರಂಗನ ಬೆಟ್ಟದಲ್ಲಿ. ತೊಂಬತ್ತರ ದಶಕದ ಮೊದಲಿನ ಒಂದು ಬೇಸಗೆಯಲ್ಲಿ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಎಲ್ಲಾ ದಾಟಿ ಘಾಟಿ ಹತ್ತುವಾಗ ಕಾರು ಅರ್ಧಕ್ಕೆ ನಿಂತಿತು. ರೇಡಿಯೇಟರು ಕುದಿದು, ಬಾನೆಟ್ಟಿನ ಸಂದಿಯಿಂದ ಹೊಗೆ. ನೀರು ಸುರಿದು, ತಣಿಸಿ, ಮತ್ತೆ ಎರಡು ತಿರುವು ಹತ್ತಿ, ಮತ್ತೆ ನಿಂತಿತು. ಕೊನೆಗೆ ಅತ್ತೆ ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಬೆಟ್ಟದ ಕಡೆಗೇ ಕೈಮುಗಿದು, "ನಡಿಯೋ, ವಾಪಸ್ ಹೋಗೋಣ. ಕರೆಸ್ಕೊಂಡಾಗ ಬಂದ್ರಾಯ್ತು" ಎಂದರು. ಬೇಸರದ ಮಾತಲ್ಲ ಅದು, ಸುಮ್ಮನೆ ಅಂದದ್ದು. ಆದರೆ ನನ್ನ ಗಂಡನಿಗೆ ಅದು ಚುಚ್ಚಿಕೊಂಡಿತು. ಆಮೇಲಿನ ವರ್ಷಗಳಲ್ಲಿ ಅತ್ತೆ ಪ್ರತಿ ಶನಿವಾರ ದೀಪ ಹಚ್ಚಿ "ರಂಗಪ್ಪ" ಎಂದಾಗಲೆಲ್ಲ ಇವರು ಪೇಪರಿನಿಂದ ತಲೆ ಎತ್ತುತ್ತಿದ್ದರು, ಮತ್ತೆ ಓದಲಾಗದೆ ಎದ್ದು ಕಾರಿನ ಹತ್ತಿರ ಹೋಗುತ್ತಿದ್ದರು. ಕಾರ್ಬುರೇಟರ್ ಬಿಚ್ಚುವುದು, ಜೋಡಿಸುವುದು. ಕೂತಲ್ಲಿ ಕೂರಲಿಲ್ಲ ಆ ಮನುಷ್ಯ.

ಒಂದು ಭಾನುವಾರ ಬೆಳಿಗ್ಗೆ ಸಿದ್ದಾಪುರದ ಗ್ಯಾರೇಜಿನಿಂದ ಬಂದವರೇ ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಇಂಜಿನ್ ಸಿಕ್ತು ಕಣೇ. ಆಕ್ಸಿಡೆಂಟ್ ಆಗಿರೋ ಹೊಸ ಅಂಬಾಸಿಡರ್‌ದು. ಸಾವಿರದ ಎಂಟ್ನೂರು ಸಿಸಿ. ನಮ್ದು ಸಾವಿರದ ಐನೂರೂ ಇಲ್ಲ."

ಒರಳಿನ ಮುಂದೆ ಕೂತಿದ್ದ ಅತ್ತೆ ಕೇಳಿದರು. "ಹಳೇದಕ್ಕೆ ಏನಾಗಿದೆಯೋ? ನಿಮ್ಮಪ್ಪ ಅದರಲ್ಲೇ ಎಲ್ಲಾ ಕಡೆ ಹೋಗಿ ಬಂದ್ರು."

"ಅಪ್ಪ ಓಡಿಸೋವಾಗ ಕಾರಿಗೆ ವಯಸ್ಸಿತ್ತಮ್ಮ."

"ನನಗೂ ಇತ್ತು" ಎಂದು ಅತ್ತೆ ರುಬ್ಬುವುದನ್ನು ಮುಂದುವರಿಸಿದರು.

ಕಾರು ಗ್ಯಾರೇಜು ಸೇರಿತು. ನನಗೊಂದು ಅಭ್ಯಾಸವಿದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಸಣ್ಣಕ್ಷರದಲ್ಲಿ ಬರೆಯುವುದು. ಸಿಲಿಂಡರ್ ಬಂತು. ಮಗಳಿಗೆ ಜ್ವರ. ಹಾಲಿನವನು ಬರಲಿಲ್ಲ. ಆ ತಿಂಗಳುಗಳ ಚೌಕಗಳಲ್ಲಿ ಕಾರಿನದೇ ಮಾತು. ಹಳೇ ಇಂಜಿನ್ ಇಳಿಸಿದರು. ಮೌಂಟಿಂಗ್ ವೆಲ್ಡಿಂಗ್. ರೇಡಿಯೇಟರ್ ದೊಡ್ಡದು ಬೇಕಂತೆ. ಇಂಜಿನ್ ನಂಬರಿಗೆ ಆರ್‌ಟಿಓ ಆಫೀಸು, ನಾಳೆ ಬನ್ನಿ ಅಂದರು. ನನ್ನ ಗಂಡ ಕಚೇರಿಯಿಂದ ನೇರ ಗ್ಯಾರೇಜಿಗೆ ಹೋಗಿ, ಟೇಪು ಹಿಡಿದು ಇಂಜಿನ್ನಿನ ಉದ್ದ, ಅಗಲ, ಬಾನೆಟ್ಟಿನ ಎತ್ತರ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಉದ್ದ ಎಲ್ಲಾ ಅಳೆದು ಬರೆದುಕೊಂಡು ಬರುತ್ತಿದ್ದರು. ಅವರು ಅಳೆಯದೆ ಬಿಟ್ಟದ್ದು ಒಂದೇ.

ಆ ಒಂದನ್ನು ನಾನು ನೋಡಿದೆ.

ಶನಿವಾರ ಮಧ್ಯಾಹ್ನ ಅವರಿಗೆ ಊಟ ಕೊಡಲು ಕ್ಯಾರಿಯರ್ ಹಿಡಿದು ಗ್ಯಾರೇಜಿಗೆ ಹೋಗಿದ್ದೆ. ಮುಂದಿನ ಸೀಟನ್ನು ಬಿಚ್ಚಿ ಫುಟ್‌ಪಾತಿನ ಮೇಲಿಟ್ಟಿದ್ದರು. ಅದರ ಮೇಲೆ, ಸರಿಯಾಗಿ ಅತ್ತೆಯ ಜಾಗದಲ್ಲಿ, ಒಂದು ಬೆಕ್ಕು ಮಲಗಿತ್ತು. ಕಾರಿನೊಳಗೆ ಬಗ್ಗಿ ನೋಡಿದೆ. ನೆಲದ ನಡುವಿನ ಉಬ್ಬಿನ ಎರಡೂ ಪಕ್ಕ ರಬ್ಬರ್ ಮ್ಯಾಟು ಸವೆದು ಬೆಳ್ಳಗಾಗಿತ್ತು. ಎಷ್ಟೋ ವರ್ಷ ಅತ್ತೆ ಎರಡು ಪಾದ ಊರಿದ ಜಾಗ. ಆ ಎರಡು ಸವೆತಗಳ ನಡುವೆ, ಉಬ್ಬಿನ ಮೇಲೆ, ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದಿದ್ದರು.

"ಇದೇನಪ್ಪಾ?" ಎಂದೆ.

"ಗೇರು ಬರೋ ಜಾಗ ಮೇಡಂ" ಎಂದ ಮೆಕ್ಯಾನಿಕ್. "ಈ ಇಂಜಿನ್ನಿಗೆ ಇದರದ್ದೇ ಗೇರ್‌ಬಾಕ್ಸು. ನಿಮ್ ಹಳೇ ಹ್ಯಾಂಡ್ ಗೇರು ಇದಕ್ಕೆ ಕೂರಲ್ಲ. ಇಲ್ಲಿ ಕಟ್ ಮಾಡಿದ್ರೆ ಕೋಲು ಮೇಲಕ್ಕೆ ಬರತ್ತೆ. ಸಾರ್‌ಗೆ ಹೇಳಿದೀನಿ."

ಸಾರ್ ಆಚೆ ನಿಂತು ಕೈತೊಳೆಯುತ್ತಿದ್ದರು. "ಐದು ಗೇರು ಕಣೇ" ಎಂದರು ಖುಷಿಯಿಂದ. ಅವರಿಗೆ ಕೇಳಿಸಿದ್ದು ಅಷ್ಟೇ.

ನಾನು ಆಗಲೇ ಹೇಳಬಹುದಿತ್ತು. ರೀ, ಅಮ್ಮ ಎಲ್ಲಿ ಕೂರ್ತಾರೆ ಎಂಬ ನಾಲ್ಕು ಪದ. ಬಾಯಿಯವರೆಗೆ ಬಂದಿತ್ತು. ಆದರೆ ಅದೇ ಗಳಿಗೆಯಲ್ಲಿ ನನ್ನ ಮಂಡಿಗೆ ಆ ಹಿಡಿಯ ನೆನಪಾಯಿತು, ಮಣಿಕಟ್ಟಿಗೆ ಬಳೆಯ ನೆನಪಾಯಿತು. ನಡುಜಾಗವೇ ಇಲ್ಲವಾದರೆ ಅತ್ತೆ ಬಾಗಿಲ ಪಕ್ಕ ಕೂತು ಅಭ್ಯಾಸ ಮಾಡಿಕೊಳ್ಳುತ್ತಾರೆ, ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಕಿಟಕಿಯಾಚೆ ನೋಡುತ್ತಾ ಹೋಗಬಹುದು ಎಂದುಕೊಂಡೆ. ಕ್ಯಾರಿಯರ್ ಬಿಚ್ಚಿ ಹುಳಿಯನ್ನ ಬಡಿಸಿದೆ. ಆಟೋ ಹತ್ತಿದಾಗ ಗ್ಯಾರೇಜಿನೊಳಗಿಂದ ತಗಡು ಕೊಯ್ಯುವ ಸದ್ದು ಕೇಳಿಸಿತು. ಆ ಸದ್ದು ಮನೆಯವರೆಗೂ ನನ್ನ ಹಲ್ಲಿನಲ್ಲಿ ಕೂತಿತ್ತು. ಅಂದು ಸಂಜೆ ಮೂರು ಸಲ ಅಡುಗೆಮನೆ ಗುಡಿಸಿದೆ.

ಕಾರು ಮನೆಗೆ ಬಂದ ದಿನ ಅತ್ತೆ ತಾವೇ ಆರತಿ ತಂದರು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಬಾನೆಟ್ ಎತ್ತಿಸಿ ಹೊಸ ಇಂಜಿನ್ನಿಗೂ ಕುಂಕುಮ ಹಚ್ಚಿದರು. ಆಮೇಲೆ ಎಡಬಾಗಿಲು ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಒಂದು ಕಾಲಿಟ್ಟವರು ಹಾಗೇ ನಿಂತರು. ಅವರ ಜಾಗದ ಮುಂದೆ ಕಪ್ಪು ಗುಬುಟಿನ ಕಬ್ಬಿಣದ ಕೋಲು ನೆಟ್ಟಗೆ ನಿಂತಿತ್ತು.

ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಚೆನ್ನಾಗಿದೆ ಕಣೋ. ನೀವೆಲ್ಲಾ ಹೋಗ್ಬನ್ನಿ. ನಾನು ಇಲ್ಲೇ ದೀಪ ಹಚ್ತೀನಿ."

"ನಿನಗೋಸ್ಕರಾನೇ ಹಾಕ್ಸಿದ್ದಮ್ಮ ಇದನ್ನ."

"ಗೊತ್ತಪ್ಪ. ಅದಕ್ಕೇ ಚೆನ್ನಾಗಿದೆ ಅಂದೆ."

ಬಾಗಿಲ ಪಕ್ಕ ಕೂರಲು ನನ್ನ ಗಂಡ ಎಷ್ಟು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಆರು ವರ್ಷ ಕಾದು ಹಾಕಿಸಿದ ಇಂಜಿನ್ನು ಗೇಟಿನೊಳಗೆ ನಿಂತಿತು. ಇವರು ಒಬ್ಬರೇ ಭಾನುವಾರ ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆಯವರೆಗೆ ಓಡಿಸಿಕೊಂಡು ಹೋಗಿ, ಅಲ್ಲಿಂದ ತಿರುಗಿಸಿಕೊಂಡು ಬಂದು, ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಕೂರುತ್ತಿದ್ದರು. ಐದು ನಿಮಿಷಕ್ಕೆ ಮತ್ತೆ ಏಳುತ್ತಿದ್ದರು. ನನಗೂ ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹೋಗುತ್ತಿತ್ತು. ಒಗ್ಗರಣೆ ಸೀದುಹೋಗುತ್ತಿತ್ತು. ಅತ್ತೆ ಮಾತ್ರ ಎಂದಿನಂತೆ ಶನಿವಾರದ ಬತ್ತಿ ಹೊಸೆಯುತ್ತಿದ್ದರು. ಅದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಜಾಲಾಡಿಸುತ್ತಿದ್ದೆ.

ಹತ್ತು ಹನ್ನೆರಡು ದಿನ ತಡೆದೆ. ಒಂದು ಬೆಳಿಗ್ಗೆ ಇವರು ಕಚೇರಿಗೆ ಹೋದ ಮೇಲೆ ಆಟೋ ಹಿಡಿದು ಸಿದ್ದಾಪುರಕ್ಕೆ ಹೋದೆ.

"ಆ ಗೇರಿನ ಕೋಲನ್ನ ಬಗ್ಗಿಸಕ್ಕೆ ಆಗತ್ತಾ?" ಎಂದು ಕೇಳಿದೆ. ಯಾಕೆಂದೂ ಹೇಳಿದೆ.

ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ. "ಕಟ್ ಮಾಡೋ ದಿನ ನೀವೇ ಇದ್ರಲ್ಲ ಮೇಡಂ. ಆವಾಗ್ಲೇ ಒಂದ್ಮಾತು ಹೇಳಿದ್ರೆ ಬೇರೆ ಏನಾದ್ರೂ ನೋಡ್ತಿದ್ದೆ."

"ಹೇಳ್ಬೇಕಾಗಿತ್ತು" ಎಂದೆ.

ಅವನು ಮುಂದಿನ ಭಾನುವಾರ ಇವರ ಕೈಲೇ ಕಾರು ತರಿಸಿಕೊಂಡು, ಕೋಲನ್ನು ಬಿಚ್ಚಿ, ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಮೊದಲು ಮುಂದಕ್ಕೆ, ಆಮೇಲೆ ಡ್ರೈವರಿನ ಕಡೆಗೆ ಬಗ್ಗಿಸಿದ. ನೋಡಲು ಸೌಟಿನ ಹಿಡಿ ಸೊಟ್ಟಗಾದ ಹಾಗಿತ್ತು. ನನ್ನ ಗಂಡನಿಗೆ ಹೇಳಿದ, "ಸಾರ್, ಮಿಕ್ಕಿದ್ದೆಲ್ಲಾ ಸರಿಹೋಗತ್ತೆ. ಸೆಕೆಂಡ್ ಗೇರ್ ಹಾಕೋವಾಗ ಮಾತ್ರ ಅಮ್ಮ ಮಂಡಿ ಆ ಕಡೆ ತಗೋಬೇಕು. ಅದು ನನ್ನ ಕೈಲಿಲ್ಲ."

ಅತ್ತೆಯನ್ನು ಒಪ್ಪಿಸುವ ಕೆಲಸ ನಾನು ವಹಿಸಿಕೊಂಡೆ. "ಅತ್ತೆ, ಗೇಟಿನೊಳಗೇ ಒಂದ್ಸಲ ಕೂತು ನೋಡಿ. ಆಗಲ್ಲ ಅಂದ್ರೆ ಇಳಿದ್ಬಿಡಿ, ನಾನೇ ಇನ್ನು ಆ ಮಾತೆತ್ತಲ್ಲ."

ಕೂತರು. ನಿಂತ ಕಾರಿನಲ್ಲಿ ಮಗ ಗೇರು ಹಾಕುವುದು, ತಾಯಿ ಮಂಡಿ ಸರಿಸುವುದು. ಫಸ್ಟಿಗೆ ಏನೂ ಬೇಡ. ಸೆಕೆಂಡಿಗೆ ನನ್ನ ಕಡೆ. ಥರ್ಡಿಗೆ ಮತ್ತೆ ಮೊದಲಿನ ಜಾಗ. ಎದುರುಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ, ಅಮ್ಮ ಡ್ರೈವಿಂಗ್ ಕಲೀತಿದ್ದಾರಾ?" ಎಂದರು.

"ಹೂಂ, ಲೈಸನ್ಸು ನಿಮ್ಮನೆಯವರಿಗೆ ಹೇಳಿ ಮಾಡಿಸ್ಕೊಡಿ" ಎಂದರು ಅತ್ತೆ.

ಅವತ್ತು ಅವರು ಇಳಿಯುವಾಗ ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಶುಕ್ರವಾರ ತರಕಾರಿಯ ಜೊತೆ ಅರ್ಧ ಡಜನ್ ನಿಂಬೆಹಣ್ಣು ತರಲು ಹೇಳಿದರು.

ಶನಿವಾರ ಬೆಳಗಾಗುತ್ತಲೇ ಹೊರಟೆವು. ಕನಕಪುರದವರೆಗೆ ಅತ್ತೆಯ ಕೈ ನನ್ನ ಮಣಿಕಟ್ಟಿನ ಮೇಲೆಯೇ ಇತ್ತು. ಹೊಸ ಇಂಜಿನ್ನಿಗೆ ದಾರಿ ಸಾಲುತ್ತಿರಲಿಲ್ಲ, ಇವರು ಕಾಲು ತಡೆದು ತಡೆದು ಓಡಿಸುತ್ತಿದ್ದರು. ಯಳಂದೂರು ದಾಟಿ ಘಾಟಿ ಶುರುವಾಯಿತು.

"ಅಮ್ಮಾ, ಮಂಡಿ" ಎಂದರು ಇವರು ಮೊದಲನೆಯ ತಿರುವಿನಲ್ಲಿ. ಅತ್ತೆ ಸರಿಸಿದರು. ಎರಡನೆಯದರಲ್ಲೂ ಹೇಳಬೇಕಾಯಿತು. ನಾಲ್ಕನೆಯದಕ್ಕೆ ಇವರು ಬಾಯಿ ತೆರೆಯುವ ಮೊದಲೇ ಅತ್ತೆಯ ಮಂಡಿ ನನ್ನ ಕಡೆ ಬಂದಿತ್ತು. ಇಂಜಿನ್ನಿನ ದನಿ ಭಾರವಾಗುವುದನ್ನು ಅವರು ಕೇಳಿಸಿಕೊಳ್ಳುತ್ತಿದ್ದರು.

"ಈಗ ಹಾಕೋ" ಎಂದರು. ಆಮೇಲೆ, "ಇನ್ನೂ ಯಾಕೆ ಎಳೀತಿದ್ದೀಯ, ಮೂರಕ್ಕೆ ಹೋಗು."

"ಸರಿಯಮ್ಮ."

ಹಿಂದಿನ ಸಲ ಕುದಿದು ನಿಂತ ತಿರುವು ಬಂತು. ಅವರು ಕೂತಿದ್ದ ಕಲ್ಲು ಹಾಗೇ ಇತ್ತು. ಮಂಡಿ ಸರಿಯಿತು, ಸೆಕೆಂಡ್ ಬಿತ್ತು, ಕಲ್ಲು ಹಿಂದಾಯಿತು. ಅತ್ತೆ ನಿಂಬೆಹಣ್ಣನ್ನು ಮೂಸುವುದನ್ನೇ ಮರೆತಿದ್ದರು. ಅದು ಡ್ಯಾಶ್‌ಬೋರ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಉರುಳಾಡುತ್ತಿತ್ತು.

ದರ್ಶನವಾಯಿತು. ಅತ್ತೆ ಬಹಳ ಹೊತ್ತು ಕಣ್ಣುಮುಚ್ಚಿ ನಿಂತಿದ್ದರು. ಹೊರಗೆ ಮೆಟ್ಟಿಲ ಮೇಲೆ ಗಾಳಿಗೆ ಕೂತಾಗ, ಇವರು ಮಕ್ಕಳೊಂದಿಗೆ ಇಂಜಿನ್ನಿನ ನೀರು ನೋಡಲು ಕೆಳಗೆ ಹೋಗಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಆ ತೂತು ಕೊರೆಯೋ ಮುಂಚೆ ನಾನು ನೋಡಿದ್ದೆ. ನಿಮ್ಮ ಜಾಗ ಹೋಗತ್ತೆ ಅಂತ ಗೊತ್ತಿತ್ತು. ಹೇಳ್ಲಿಲ್ಲ."

ಅತ್ತೆ ಪ್ರಸಾದದ ಹೂವನ್ನು ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. "ನೀನೇ ಬರೆದಿದ್ಯಲ್ಲ ಕ್ಯಾಲೆಂಡರಿನಲ್ಲಿ. ನಡುಜಾಗದಲ್ಲಿ ಸೀಮೆಸುಣ್ಣದ ಗುರುತು ಅಂತ. ಏಕಾದಶಿ ಯಾವತ್ತು ಅಂತ ನೋಡಕ್ಕೆ ಹೋದಾಗ ಓದಿದೆ. ಏನು ಗುರುತೋ ಅಂದ್ಕೊಂಡೆ. ಕಾರು ಬಂದ್ಮೇಲೆ ತಿಳೀತು."

ನನಗೆ ಬರೆದದ್ದೇ ನೆನಪಿರಲಿಲ್ಲ. ಕೈ ತನ್ನಷ್ಟಕ್ಕೆ ಬರೆದಿತ್ತು.

"ಮತ್ತೆ ನೀವ್ಯಾಕೆ ಏನೂ ಅನ್ಲಿಲ್ಲ?"

"ಏನನ್ಲಿ? ನಿನ್ನ ಕೈ ನೋಡ್ದೆ ಇದ್ದೀನಾ ನಾನು, ಇಷ್ಟು ವರ್ಷ." ನನ್ನ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿ ಬಿಟ್ಟರು. ಆಮೇಲೆ ಎದ್ದರು. "ಇಳಿಯೋವಾಗ ಯಾವ ಗೇರು?"

"ಗೊತ್ತಿಲ್ಲ ಅತ್ತೆ."

"ಕೇಳೋಣ ನಡಿ."

ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದರು ಇವರು. ಹಾಗಾಗಿ ಘಾಟಿಯುದ್ದಕ್ಕೂ ಹೆಚ್ಚುಕಡಿಮೆ ಸೆಕೆಂಡೇ. ಅತ್ತೆ ಇಡೀ ದಾರಿ ಮಂಡಿಯನ್ನು ನನ್ನ ಕಡೆ ತಿರುಗಿಸಿಕೊಂಡೇ ಕೂತಿದ್ದರು, ಗಾಜಿನ ಹಿಡಿ ನನ್ನ ಎಡಮಂಡಿಗೆ ಮೊದಲಿಗಿಂತ ಹೆಚ್ಚೇ ಒತ್ತಿತು. ಆದರೆ ಅವರ ಕೈ ನನ್ನ ಮಣಿಕಟ್ಟಿನ ಮೇಲಿರಲಿಲ್ಲ. ಗೇರಿನ ಗುಬುಟಿನಿಂದ ಒಂದು ಗೇಣು ದೂರದಲ್ಲಿ, ತೊಡೆಯ ಮೇಲೆ, ಕಾಯುತ್ತಿತ್ತು. ನನ್ನ ಎರಡೂ ಕೈ ಖಾಲಿ. ಏನು ಮಾಡಬೇಕೆಂದು ತಿಳಿಯದೆ, ಬಳಸದ ಪ್ಲಾಸ್ಟಿಕ್ ಕವರನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ಕೂತಿದ್ದೆ. ಯಳಂದೂರು ಬರುವ ಹೊತ್ತಿಗೆ ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆಯೇ ಹೇಳಿದರು, "ಆ ಕವರು ಒಳಗಿಡೇ. ಅದರ ಸದ್ದಿಗೆ ಇಂಜಿನ್ ಕೇಳಿಸ್ತಿಲ್ಲ."