ಹಗಲು ಮುಚ್ಚಿದ ಬಾಗಿಲು

ಮದುವೆಯಾಗಿ ಮುಂಬೈಗೆ ಬಂದ ದಿನ ನಮ್ಮ ಯಜಮಾನರು ಹದಿನಾಲ್ಕನೇ ಮಹಡಿಯಲ್ಲಿ ಒಂದು ಬಾಗಿಲು ತೆಗೆದು "ಇದೇ ನಮ್ಮನೆ" ಎಂದರು. ಒಳಗೆ ಎರಡು ಬಚ್ಚಲುಮನೆಗಳಿದ್ದವು, ಅಡುಗೆಮನೆಯೇ ಇರಲಿಲ್ಲ. ಆ ಕಟ್ಟಡ ಹಿಂದೆ ದೊಡ್ಡ ಹೋಟೆಲಾಗಿತ್ತಂತೆ. ಅದು ಮುಚ್ಚಿದ ಮೇಲೆ ಎರಡೆರಡು ರೂಮು ಸೇರಿಸಿ ಒಂದೊಂದು ಮನೆ ಮಾಡಿದ್ದರು. ಒಂದು ಬಚ್ಚಲಿನ ತೊಟ್ಟಿ ಕೀಳಿಸಿ ಅಲ್ಲೇ ಗ್ಯಾಸ್ ಒಲೆ ಇಟ್ಟುಕೊಂಡೆವು. ಬಚ್ಚಲಲ್ಲಿ ಮುದ್ದೆ ತಿರುವುತ್ತಿದ್ದೇನೆಂದು ಅಮ್ಮನಿಗೆ ಬರೆಯುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ಹುಲಿಕೆರೆಯಲ್ಲಿ ಹಗಲು ಬಾಗಿಲು ಹಾಕಿದೆಯೆಂದರೆ ಮನೆಯಲ್ಲಿ ಯಾರೂ ಇಲ್ಲವೆಂದೇ ಅರ್ಥ. ಇಲ್ಲಿ ಕಾರಿಡಾರಿನುದ್ದಕ್ಕೂ ಒಂದೇ ಥರದ ಬಾಗಿಲುಗಳು, ಎಲ್ಲವೂ ಸದಾ ಮುಚ್ಚಿಯೇ ಇರುತ್ತಿದ್ದವು. ಅಭ್ಯಾಸಬಲದಿಂದ ನಾನು ತೆರೆದಿಟ್ಟರೆ ಇವರು ರೇಗುತ್ತಿದ್ದರು. "ಇದು ಊರಲ್ಲ ಕಣೇ. ಬೆಲ್ ಒತ್ತದೆ ಬಾಗ್ಲು ತಟ್ಟೋರು ಫೇರಿವಾಲಾಗಳು, ತೆಗೀಬೇಡ." ಫೇರಿವಾಲಾ ಎಂದರೆ ಮನೆಮನೆಗೆ ಸಾಮಾನು ಹೊತ್ತು ಮಾರುವವರು. ವರ್ಷದೊಳಗೆ, ತಟ್ಟುವ ಸದ್ದಿಗೆ ತಲೆಯನ್ನೂ ಎತ್ತದಷ್ಟು ಪಳಗಿದೆ. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಒಂದು ಮಧ್ಯಾಹ್ನ ಯಾರೋ ಎರಡು ಸಲ ತಟ್ಟಿದರು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಎದ್ದು ಕಿಂಡಿಯಲ್ಲಿ ನೋಡಲೂ ಇಲ್ಲ.

ಸಂಜೆ ಆಫೀಸಿನಿಂದ ಬಂದ ಇವರು ಕೆಳಗೆ ಕೂತಿದ್ದ ನನ್ನ ಅಣ್ಣನನ್ನು ಜೊತೆಗೆ ಕರೆದುಕೊಂಡೇ ಮೇಲೆ ಬಂದರು. ಅಪ್ಪನಿಗೆ ಲಕ್ವ ಹೊಡೆದಿತ್ತು, ನನ್ನನ್ನೇ ಕೇಳುತ್ತಿದ್ದನಂತೆ. ನಮಗಿನ್ನೂ ಫೋನ್ ಬಂದಿರಲಿಲ್ಲವಾದ್ದರಿಂದ ಅಣ್ಣನೇ ಕರೆದೊಯ್ಯಲು ರೈಲು ಹತ್ತಿದ್ದ.

"ಬಾಗ್ಲು ಹಾಕಿತ್ತು. ಎರಡ್ ಸಲ ತಟ್ದೆ. ಎಲ್ಲೋ ಹೋಗವ್ಳೆ ಅಂತ ಕೆಳಗೆ ಕೂತ್ಕಂಡೆ" ಎಂದ. ಕಾವಲುಗಾರನ ಭಾಷೆ ಅವನಿಗೆ ಬಾರದು, ಅವನದು ಕಾವಲುಗಾರನಿಗೆ ಬಾರದು. "ಎಲ್ಗೋಗಿದ್ದೆ?"

"ತರಕಾರಿ ತರೋಕೆ" ಎಂದೆ.

ಅಷ್ಟರಲ್ಲಿ ಅವತ್ತಿನ ರೈಲು ಹೋಗಿತ್ತು. ಮಾರನೆಯ ದಿನ ಹೊರಟು, ಅದರ ಮರುದಿನ ಅರಸೀಕೆರೆಯಲ್ಲಿ ಇಳಿದು ಊರು ಮುಟ್ಟಿದೆವು. ಹಿಂದಿನ ಸಂಜೆಯೇ ಅಪ್ಪನನ್ನು ಮಣ್ಣು ಮಾಡಿದ್ದರು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ತಿಥಿಗೆ ಬಂದವರು ಯಾಕೆ ತಡವಾಯಿತೆಂದು ಕೇಳಿದಾಗಲೆಲ್ಲ ಅಣ್ಣನೇ ನನ್ನ ಪರ ನಿಂತ. "ಅವಳದೇನ್ ತಪ್ಪೈತೆ, ಮನೇಲೇ ಇರ್ಲಿಲ್ಲ ಪಾಪ." ನಾನು ತಲೆ ತಗ್ಗಿಸಿ ಎಲೆ ಹಾಕುತ್ತಿದ್ದೆ. ಹೊರಡುವಾಗ ಅತ್ತಿಗೆ ಕೊಬ್ಬರಿ, ರಾಗಿಹಿಟ್ಟು ಕಟ್ಟಿಕೊಟ್ಟು "ಇದೂ ನಿನ್ ಮನೇನೇ ಕಣವ್ವ, ಬತ್ತಾ ಇರು" ಎಂದರು.

ನಾಲ್ಕು ವರ್ಷವಾಯಿತು. ಬೇಸಿಗೆಯಲ್ಲಿ ಹೋಗುತ್ತೇನೆ, ಹೇಳಿದಷ್ಟು ದಿನ ಇದ್ದು ಬರುತ್ತೇನೆ. ಅಲ್ಲಿ ಅಣ್ಣನ ಮುಖ ನೋಡಲಾಗುವುದಿಲ್ಲ. ಇಲ್ಲಿಗೆ ಬಂದರೆ ಅದೇ ಬಾಗಿಲು. ಅವತ್ತು ನಾನು ಒಳಗೇ ಇದ್ದೆನೆಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಅಣ್ಣನ ಮನೆಗೂ ಬರುತ್ತದೆ.